ಕೈ ಬದಲಿಸುವಂತಿಲ್ಲ

ಕೆಂಪು ಮಣ್ಣಿನ ಒಂದು ಹರಳು ಕಲ್ಮೇಶನ ಎಡಗಣ್ಣಿನ ರೆಪ್ಪೆಗೆ ಅಂಟಿಕೊಂಡಿದೆ, ಕಣ್ಣು ಪಿಳುಕಿಸಿದಾಗಲೊಮ್ಮೆ ಮೇಲೇರುತ್ತದೆ, ಇಳಿಯುತ್ತದೆ, ಬೀಳುವುದಿಲ್ಲ, ಕಣ್ಣೊಳಗೆ ಬಿದ್ದರೆ ತಲೆ ಕೊಡವುತ್ತಾನೆ, ಕೊಡವಿದರೆ ಮುಗಿಯಿತು, ತೆಗೆಯಬೇಕು ಅದನ್ನು — ತೆಗೆಯಲು ಸಂಗುವಿಗೆ ಕೈಯೆಲ್ಲಿದೆ, ಎರಡೂ ಅಂಗೈ ಕಲ್ಮೇಶನ ತಲೆಯ ಎರಡು ಮಗ್ಗುಲಿಗೆ ಒತ್ತಿ ಕೂತಿವೆ, ಬೆರಳುಗಳು ಹಿಂದಕ್ಕೆ ಹಾಯ್ದು ಕತ್ತಿನ ಬುಡ ಹಿಡಿದಿವೆ, ಕ್ರೂಸರ್ ಗಾಡಿಯ ಹಿಂಭಾಗದಲ್ಲಿ ಎದುರು ಬದುರು ಸೀಟುಗಳ ನಡುವೆ ಹಲಗೆ, ಹಲಗೆಯ ಮೇಲೆ ಅಂಗಾತ ಕಲ್ಮೇಶ, ತಲೆಯ ಕಡೆ ಮೊಣಕಾಲೂರಿ ಸಂಗು, ಕಾಲಿನ ಕಡೆ ಕಲ್ಮೇಶನ ಹೆಂಡತಿ ಮಾಲಾ, ಮುಂದೆ ಸ್ಟೇರಿಂಗಿಗೆ ಆತುಕೊಂಡ ಕಾಂತು, ಮುದ್ದೇಬಿಹಾಳ ಬಿಟ್ಟು ಇನ್ನೂ ಅರ್ಧ ತಾಸೂ ಆಗಿಲ್ಲ, ವಿಜಯಪುರ ಎಂಭತ್ತು ಕಿಲೋಮೀಟರು. ಕುಸ್ತಿ ನೋಡಲು ಬಂದಿದ್ದ ಒಬ್ಬ ಡಾಕ್ಟರು ಕಣಕ್ಕೆ ಓಡಿ ಬಂದು ಕಲ್ಮೇಶನ ಅಂಗಾಲು ಚಿವುಟಿ, ಗೊತ್ತಾಗತೈತೇನು ಅಂದರು, ಇಲ್ಲರಿ ಅಂದ ಕಲ್ಮೇಶ, ಯಾವ ಕಾಲ ಮುಟ್ಟೀರಿ ಅಂದ, ಡಾಕ್ಟರು ಸಂಗುವಿನ ಕಡೆ ತಿರುಗಿ, ನೀನು ಹಿಡಿದೀಯಲ್ಲ, ಇನ್ನ ನೀನೇ ಹಿಡಕೊಂಡು ಹೋಗು, ಕೈ ಬದಲಿ ಮಾಡಬ್ಯಾಡ್ರಿ, ತಲಿ ಒಂದು ಬೆರಳಗಲ ಹೊಳ್ಳಬಾರದು, ಕತ್ತಿನ ಎಲುಬು ಮುರಿದಿದ್ದರ ಹೊಳ್ಳಿದಾಗನ ಒಳಗಿನ ನರ ಹರೀತೈತಿ ಅಂದರು. ಹಿಡಿದವನು ಯಾರು ಎಂದು ಅವರು ಕೇಳಲಿಲ್ಲ. ಎಸೆದವನೇ ಹಿಡಿದಿದ್ದಾನೆ ಎಂಬುದು ಅಲ್ಲಿದ್ದ ಸಾವಿರ ಮಂದಿಗೂ ಗೊತ್ತಿತ್ತು, ಈ ಗಾಡಿಯಲ್ಲಿ ಕಾಂತುವಿಗೆ ಗೊತ್ತು, ಮಾಲಾಳಿಗೆ ಗೊತ್ತಿಲ್ಲ. ಅವಳ ತವರು ಮುದ್ದೇಬಿಹಾಳ, ಓಣಿಯ ಮೂಲೆಯಲ್ಲಿ ಗಾಡಿ ನಿಲ್ಲಿಸಿ ಹತ್ತಿಸಿಕೊಂಡರು, ಹಿಟ್ಟಿನ ಕೈ ತೊಳೆಯದೆ ಓಡಿ ಬಂದವಳು, ಹತ್ತಿದಾಗಿನಿಂದ ಸಂಗುವನ್ನೇ ನೋಡುತ್ತ ಹೇಳುತ್ತಿದ್ದಾಳೆ, ದೇವರ ಬಂದಂಗ ಬಂದ್ರಿ ಅಣ್ಣಾರ, ನಿಮ್ಮ ಹೊಟ್ಟಿ ತಣ್ಣಗಿರಲಿ. ಎರಡು ಸಲ ಹೇಳಿದಳು, ಮೂರು ಸಲ ಹೇಳಿದಳು, ಸಂಗು ರೆಪ್ಪೆಯ ಮೇಲಿನ ಮಣ್ಣನ್ನು ನೋಡುತ್ತಿದ್ದಾನೆ, ವೈನಿ, ಅಲ್ಲಿ ಕಣ್ಣಿನ ಮ್ಯಾಲ, ಸಾವಕಾಶ ತಗೀರಿ ಅನ್ನುತ್ತಾನೆ, ಅವಳು ಬಗ್ಗಿ ಸೆರಗಿನ ತುದಿಯಿಂದ ಮಣ್ಣು ತೆಗೆಯುತ್ತಾಳೆ, ಹಿಟ್ಟು ಹತ್ತಿದ ಅವಳ ಬೆರಳು ಸಂಗುವಿನ ಹೆಬ್ಬೆರಳಿಗೆ ತಾಗುತ್ತದೆ.

ಹಂಪ ಐತ್ರೋ ಅಂದ ಕಾಂತು, ಗಾಡಿ ನಿಂತಂತೆ ನಿಂತು ಮುಂದಿನ ಗಾಲಿ ಏರಿತು, ಸಂಗು ಉಸಿರು ಹಿಡಿದ, ಮೊಣಕೈಯಿಂದ ಮೇಲೆ ಇಡೀ ಮೈ ಕುಲುಕಲಿ, ಮೊಣಕೈಯಿಂದ ಕೆಳಗೆ ಏನೂ ಕುಲುಕಬಾರದು, ಗಾಲಿ ಇಳಿಯಿತು, ಹಿಂದಿನದು ಏರಿತು, ಇಳಿಯಿತು, ತಲೆ ಅಲ್ಲೇ ಇದೆ. ಈ ಕೈಗೆ ಹಿಡಿಯಲು ಕಲಿಸಿದವರು ಅಬ್ದುಲಗನಿ ವಸ್ತಾದರು, ಸಿಂದಗಿಯ ಗರಡಿಯಲ್ಲಿ, ತೆಂಗಿನಕಾಯಿಯನ್ನು ಅಂಗೈಯಲ್ಲಿ ಕೊಟ್ಟು, ಬೀಳಬಾರದು, ಒಡೀಬಾರದು, ಹಂಗ ಹಿಡಕೊಂಡು ನೂರು ಬೈಠಕ್ ಹೊಡಿ ಅನ್ನುತ್ತಿದ್ದರು, ಎದುರಿಗೆ ಇನ್ನೊಂದು ತೆಂಗಿನಕಾಯಿ ಹಿಡಿದು ಕಲ್ಮೇಶ ಕೂತೇಳುತ್ತಿದ್ದ, ಎಂಭತ್ತಕ್ಕೆ ಇಬ್ಬರಿಗೂ ತೊಡೆ ಉರಿಯುತ್ತಿತ್ತು, ಒಬ್ಬನು ನಿಲ್ಲದೆ ಇನ್ನೊಬ್ಬ ನಿಲ್ಲುತ್ತಿರಲಿಲ್ಲ. ಕಲ್ಮೇಶನ ಮನೆಯಲ್ಲಿ ಬಾವಿ, ಹೊಲ, ನಾಲ್ಕು ಎಮ್ಮೆ, ಸಂಗುವಿನ ಮನೆಯಲ್ಲಿ ಕುರಿ, ಕುರಿಯ ಹಿಂದೆ ಅವ್ವ ಶೇವಂತೆವ್ವ, ಗರಡಿಯಲ್ಲಿ ಮಾತ್ರ ಇಬ್ಬರದೂ ಒಂದೇ ಗಂಗಾಳ, ಕಲ್ಮೇಶನ ಮನೆಯ ಹಾಲು, ಸಂಗುವಿನ ಅವ್ವನ ಸಜ್ಜೆ ರೊಟ್ಟಿ, ಕುಸ್ತಿ ಮುಗಿದ ಮೇಲೆ ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ತಿಕ್ಕುತ್ತಿದ್ದರು, ಕಲ್ಮೇಶನ ಬೆನ್ನಿನ ಯಾವ ಎಲುಬು ಎಲ್ಲಿದೆ ಎಂದು ಸಂಗುವಿನ ಹೆಬ್ಬೆರಳಿಗೆ ಗೊತ್ತು, ಕತ್ತಿನದೂ ಗೊತ್ತು, ಈಗ ಬೆರಳಿನ ಕೆಳಗೆ ಒಂದು ಕಡೆ ಬಾವು ಬಂದು ಎಲುಬೇ ಸಿಗುತ್ತಿಲ್ಲ — ಏಳು ವರ್ಷ ಹಾಗೆ, ಆಮೇಲೆ ಇಂಡಿಯಲ್ಲಿ ಪರಸಪ್ಪ ವಸ್ತಾದರು ಮ್ಯಾಟ್ ಹಾಸಿದ ಹೊಸ ತಾಲೀಮು ಮನೆ ತೆಗೆದರು, ಮಣ್ಣಿನಾಗ ಆಡಿದರ ಮಣ್ಣಿನಾಗ ಉಳೀತೇವಿ, ನೀನೂ ಬಾ ಸಂಗ್ಯಾ ಅಂದ ಕಲ್ಮೇಶ, ವಸ್ತಾದರನ್ನ ಬಿಟ್ಟಾ ಅಂದ ಸಂಗು, ಬಿಟ್ಟಲ್ಲೋ ಹೋಗಿ ಬರೋಣು ಅಂದ, ಹೋದ, ಬರಲಿಲ್ಲ. ವಸ್ತಾದರಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು, ಚಮಚೆಯಲ್ಲಿ ಗಂಜಿ ಹಾಕುವಾಗಲೆಲ್ಲ ಅವರು ಬಾಗಿಲ ಕಡೆ ನೋಡುತ್ತಿದ್ದರು, ಕಲ್ಲೂ ಬಂದಾ ಎಂದು ಕೇಳುತ್ತಿದ್ದರು, ಬರ್ತಾನ್ರಿ, ಕುಸ್ತಿ ಅದಾವಂತ್ರಿ ಅನ್ನುತ್ತಿದ್ದ ಸಂಗು, ಮೂರು ವರ್ಷ ಅನ್ನುತ್ತಲೇ ಇದ್ದ, ಸುಳ್ಳು ಹೇಳಿ ಹೇಳಿ ಸಂಗುವಿನ ಬಾಯಿಯೇ ಸೊಟ್ಟಗಾದಂತೆ ಆಗಿತ್ತು.

ಇವತ್ತು ಕಾರಹುಣ್ಣಿಮೆಯ ಮರುದಿನ, ಮುದ್ದೇಬಿಹಾಳದ ಬಯಲಿನಲ್ಲಿ ಕಣ ಕಟ್ಟಿದ್ದರು, ಜೋಡಿ ಕಟ್ಟಿದ್ದು ಅಲ್ಲೇ, ಕೊನೆಯ ಕುಸ್ತಿ, ಬೆಳ್ಳಿ ಕಡಗದ ಕುಸ್ತಿ, ಸಿಂದಗಿ ಸಂಗು ಇಂಡಿ ಕಲ್ಮೇಶ ಎಂದು ಮೈಕಿನಲ್ಲಿ ಕೂಗಿದಾಗ ಸಂಗುವಿಗೆ ಮೊದಲು ಬಂದದ್ದು ನಗು, ಖರೇ, ನಗುವೇ, ಮೂರು ವರ್ಷದ ಮೇಲೆ ಇವನ ಮೈ ಮುಟ್ಟುತ್ತೇನೆ ಎಂಬ ನಗು, ಆಮೇಲೆ ಮೈಕಿನವನು ಕಲ್ಮೇಶನ ಬಾಯಿಯ ಹತ್ತಿರ ಮೈಕು ಹಿಡಿದು, ಪೈಲ್ವಾನರ, ನಿಮ್ಮ ವಸ್ತಾದರ ಹೆಸರ ಹೇಳ್ರಿ ಅಂದ, ಕಲ್ಮೇಶ ಪಕ್ಕಕ್ಕೊಮ್ಮೆ ನೋಡಿದ, ಆ ಕ್ಷಣದಲ್ಲಿ ಸಂಗು ತನ್ನ ಮನಸ್ಸಿನಲ್ಲಿ ಅವನ ಬಾಯಿಂದ ಅಬ್ದುಲಗನಿ ಎಂದು ಹೇಳಿಸಿ ಆಗಿತ್ತು, ಪರಸಪ್ಪ ವಸ್ತಾದರು, ಇಂಡಿ, ಎಂದ ಕಲ್ಮೇಶ, ಅಷ್ಟೇ. ಏಳು ವರ್ಷ ಎಲ್ಲಿ ಹೋದವು. ಜನ ಶಿಳ್ಳೆ ಹೊಡೆದರು. ಕೈ ಕೂಡಿಸಿದರು, ಹದಿನೆಂಟು ನಿಮಿಷ ಒಬ್ಬರಿಗೊಬ್ಬರು ಬಗ್ಗಲಿಲ್ಲ, ಒಬ್ಬನ ಡಾವು ಇನ್ನೊಬ್ಬನಿಗೆ ಬಾಯಿಪಾಠ, ಆಮೇಲೆ ಸಂಗು ಕೆಳಗೆ ನುಗ್ಗಿ ತೊಡೆಗೆ ಕೈ ಹಾಕಿ ಅವನನ್ನು ಹೆಗಲಿಗೆ ಎತ್ತಿಕೊಂಡ, ಎತ್ತಿಕೊಂಡು ಎರಡು ಹೆಜ್ಜೆ ತೂರಾಡಿದ, ಹದ ಮಾಡಿದ ಮೆದು ಮಣ್ಣು ಮುಗಿದು ಅಂಚಿನ ಗಟ್ಟಿ ನೆಲ ಬಂತು, ಪಂಚರು ಸೀಟಿ ಊದಿದರು, ಅಂಚಿಗೆ ಬಂದರೆ ಬಿಡಬೇಕು, ನಡುವಿಗೆ ಹೋಗಿ ಮತ್ತೆ ಹಿಡಿಯಬೇಕು, ಅದು ಹಾಲು ಕುಡಿಯುವ ಹುಡುಗರಿಗೂ ಗೊತ್ತು, ಆಮೇಲೆ — ಸಾವಕಾಶಪಾ, ಮುಂದ ತಗ್ಗ ಐತಿ ಅಂದ ಸ್ಟೇರಿಂಗಿನಿಂದ ಕಾಂತು — ಆಮೇಲೆ ಒಂದು ಸಪ್ಪಳ, ಹಸಿ ಜೋಳದ ದಂಟು ಮುರಿದಂಥದು, ಎಬ್ಬಿಸ್ರಿ ಎಬ್ಬಿಸ್ರಿ ಎಂದು ಹತ್ತು ಕೈ ಕಲ್ಮೇಶನ ಹೆಗಲಿಗೆ ಬಂದವು, ಮುಟ್ಟಬ್ಯಾಡ್ರಿ ಎಂದು ಸಂಗು ಚೀರಿದ, ಅದು ತನ್ನ ದನಿಯೆಂದು ಅವನಿಗೇ ಗೊತ್ತಾಗಲಿಲ್ಲ, ಕೂತು ತಲೆ ಹಿಡಿದ, ಹಿಡಿದವನು ಇನ್ನೂ ಬಿಟ್ಟಿಲ್ಲ. ಗಾಡಿ ಹತ್ತಿಸುವಾಗ ಪಂಚರು ಅವನ ಬೆನ್ನು ಸವರಿ, ಆವೇಶದಾಗ ಸೀಟಿ ಎಲ್ಲಿ ಕೇಳಸ್ತೈತಿ ತಮ್ಮಾ, ನಿಂದೇನ ತಪ್ಪಿಲ್ಲ ಅಂದರು, ಸಂಘಟಕರು, ಆಟದಾಗ ಆಗೂದ ಅಂದರು, ಎಲ್ಲರೂ ಒಂದೊಂದು ಬಾಗಿಲು ತೆರೆದು ಹಿಡಿದು, ಇಲ್ಲಿ ಹಾಯ್ದು ಹೋಗು ಎನ್ನುವಂತೆ ನಿಂತಿದ್ದರು.

ನಿಡಗುಂದಿ ಬಂತು, ಬಸ್ಸುಗಳ ಹಾರ್ನು, ಕಬ್ಬಿನ ಹಾಲಿನ ಗಾಣದ ಗೆಜ್ಜೆ, ಆಮೇಲೆ ಹೆದ್ದಾರಿ, ಒಮ್ಮೆಗೇ ಗಾಡಿಯ ಕೆಳಗೆ ನೆಲವೇ ಇಲ್ಲದಂತೆ ನುಣುಪು, ಎಡಕ್ಕೆ ಬಲಕ್ಕೆ ನೀರುಂಡ ಹಸಿರು, ಸಂಗುವಿನ ಎಡ ಮೊಣಕಾಲು ಸತ್ತು ಎಷ್ಟೋ ಹೊತ್ತಾಗಿದೆ, ಬೆವರು ಹುಬ್ಬಿನಿಂದ ಮೂಗಿನ ತುದಿಗೆ ಬಂದು ನಿಲ್ಲುತ್ತದೆ, ಕಲ್ಮೇಶನ ಹಣೆಗೆ ಬೀಳುತ್ತದೆ, ಕಲ್ಮೇಶ ಕಣ್ಣು ತೆರೆದ. ತಲೆಕೆಳಗಾಗಿ ಕಾಣುತ್ತಿದ್ದ ಮುಖವನ್ನು ನೋಡಿ ಗುರುತು ಹಿಡಿದ, ಸಂಗ್ಯಾ ಅಂದ. ಹಾಗೆ ಕರೆಯುವವರು ಇಬ್ಬರೇ, ಅವ್ವ ಮತ್ತು ಇವನು. ಮಾಲಾ ತಲೆಯೆತ್ತಿದಳು, ಸಂಗ್ಯಾ ಅಂದ್ರ ಸಿಂದಗಿ ಸಂಗುನೇನ್ರಿ ನೀವು, ಅವಳ ಮುಖ ಅರಳಿತು, ಈ ಹೊತ್ತಿನಲ್ಲೂ ಅರಳಿತು, ಇವ್ರು ದಿನಾ ನಿಮ್ಮ ಮಾತ ತಗೀತಾರ್ರಿ, ಹಾಲ ಕುಡಿಯೂಮುಂದ, ರೊಟ್ಟಿ ತಿನ್ನೂಮುಂದ, ಸಂಗ್ಯಾ ಹಂಗ ಸಂಗ್ಯಾ ಹಿಂಗ ಅಂತ, ಲಗ್ನಕ್ಕ ಕರೀರಲ್ಲ ಅಂದ್ರ ಯಾವ ಮಾರಿ ಇಟ್ಕೊಂಡು ಕರೀಲಿ ಅಂದ್ರು, ಅಲ್ರೀ ಅಣ್ಣಾರ, ಇವತ್ತ ಇವರ ಕುಸ್ತಿ ಯಾರ ಜೋಡಿ ಇತ್ತು, ಯಾವ ಕೈ ಮುರದಾಂವ ಒಗದಾನ ಇವರನ್ನ ಹಿಂಗ. ಕಾಂತು ಮುಂದೆ ಕೆಮ್ಮಿದ, ಲಾರಿ ಒಂದು ಹಾದುಹೋಯಿತು, ಅದರ ಗಾಳಿಗೆ ಗಾಡಿ ಒಂದಿಷ್ಟು ವಾಲಿತು, ಸಂಗು ಹೇಳಬೇಕು, ಬಾಯಿ ತೆರೆದ, ಅಷ್ಟರಲ್ಲಿ ಕಲ್ಮೇಶನೇ ಅಂದ, ಇವನ ಜೋಡೀನ ಇತ್ತು ಮಾಲಾ. ಅವಳಿಗೆ ಅರ್ಥವಾಗಲಿಲ್ಲ, ಅರ್ಥವಾಯಿತು, ಕಾಲಿನ ಮೇಲೆ ಇಟ್ಟಿದ್ದ ಅವಳ ಕೈ ಅಲ್ಲೇ ನಿಂತಿತು.

ಕಲ್ಮೇಶನ ಗಂಟಲೊಂದೇ ಎದ್ದಿದೆ, ಉಳಿದದ್ದೆಲ್ಲ ಮಲಗಿದೆ, ಆ ಗಂಟಲು ಸಂಗುವಿನ ಬೆರಳಿನ ಕೆಳಗೆ ಗುರುಗುಡುತ್ತದೆ, ಮಾತು ಕಿವಿಗೆ ಬರುವ ಮೊದಲು ಬೆರಳಿಗೆ ಬರುತ್ತದೆ. ವಸ್ತಾದರು ಹೆಂಗದಾರೋ. ಹಂಗ ಅದಾರ, ಮಾತಾಡಬ್ಯಾಡ ನೀ. ಮೈಕಿನ್ಯಾಗ ಅವರ ಹೆಸರ ಹೇಳಬೇಕಿತ್ತು, ನಾಲಿಗಿ ತುದಿಗೆ ಬಂದಿತ್ತು ಸಂಗ್ಯಾ, ಪರಸಪ್ಪ ವಸ್ತಾದರು ಬಾಜೂಕ ನಿಂತಿದ್ದರು, ಅಂಜಿದೆ. ಸುಮ್ನಿರೋ ಕಲ್ಲೂ. ಅದಕ್ಕ ನಿನಗ ಸಿಟ್ಟ ಬಂತು, ನನಗ ಗೊತ್ತಾತು, ಕೈ ಕೂಡಿಸೂಮುಂದ ನಿನ್ನ ಕೈ ತಣ್ಣಗಿತ್ತು. ಕಲ್ಮೇಶ ಉಸಿರು ಎಳೆದುಕೊಂಡ, ಉಸಿರು ಎದೆಯಿಂದ ಬರುತ್ತಿಲ್ಲ, ಹೊಟ್ಟೆಯಿಂದ ಬರುತ್ತಿದೆ, ಆಮೇಲೆ ಕೇಳಿದ, ಒಂದ ಕೇಳ್ತೇನಿ, ಖರೇ ಹೇಳು, ಸೀಟಿ ಕೇಳಿಸಿತ್ತೇನು ನಿನಗ. ಆವೇಶದಾಗ ಎಲ್ಲಿ ಕೇಳಸ್ತೈತಿ — ಪಂಚರ ಮಾತು ಬಾಯಿಯಲ್ಲಿ ತಯಾರಾಗಿ ಕೂತಿತ್ತು, ಹೇಳಿದರೆ ನಂಬುತ್ತಾನೆ, ನಂಬುವುದಕ್ಕೇ ಕೇಳುತ್ತಿದ್ದಾನೆ, ಮಾಲಾಳೂ ನಂಬುತ್ತಾಳೆ, ಇನ್ನೂ ನಲವತ್ತು ಕಿಲೋಮೀಟರಿದೆ, ಕೈಯಲ್ಲಿ ಅವನ ತಲೆಯಿದೆ, ತಲೆ ಹಿಡಿದುಕೊಂಡು ಸುಳ್ಳು ಹೇಳಿದರೆ ಆ ಸುಳ್ಳು ಕೈಗೆ ಇಳಿಯುತ್ತದೆ, ಕೈ ಅಲುಗುತ್ತದೆ, ಹಾಗೆ ಅನ್ನಿಸಿತು ಸಂಗುವಿಗೆ, ಏಕೆ ಅನ್ನಿಸಿತೋ. ಕೇಳಿಸಿತ್ತು ಅಂದ.

ಮಾಲಾ ಎದ್ದಳು, ಗಾಡಿಯ ಟಾಪಿಗೆ ತಲೆ ಬಡಿಯಿತು, ಅದು ಅವಳಿಗೆ ಗೊತ್ತಾಗಲಿಲ್ಲ, ಬಗ್ಗಿ ಬಂದು ಸಂಗುವಿನ ಮುಂಗೈ ಹಿಡಿದಳು, ಉಗುರು ಇಳಿಯಿತು, ತಗಿ, ತಗಿ ಕೈ, ಮುಟ್ಟಬ್ಯಾಡ ಅವರನ್ನ, ಹೊಲಸ ಕೈ — ಸಂಗು ಅಲುಗಲಿಲ್ಲ, ಅಲುಗುವಂತಿಲ್ಲ, ಉಗುರು ಇನ್ನೂ ಇಳಿಯಿತು, ಆಮೇಲೆ ಅವಳಿಗೇ ಏನೋ ಹೊಳೆದು ಬೆರಳು ಸಡಿಲಾದವು, ಬಿಡಬ್ಯಾಡ ಅಂದಳು, ದನಿ ಒಡೆದಿತ್ತು, ಬಿಡಬ್ಯಾಡ, ಬಿಟ್ಟೀಯಂದ್ರ ನಿನ್ನ ಜೀವಂತ ಬಿಡೂದಿಲ್ಲ. ಈಗ ನೀವು ಹೋಗಿ ನೀನು ಆಗಿತ್ತು. ಕಲ್ಮೇಶ ಕಣ್ಣು ಮುಚ್ಚಿದ್ದ, ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಹರಿದು ಸಂಗುವಿನ ಹೆಬ್ಬೆರಳಿಗೆ ಬಂತು. ಗೊಳಸಂಗಿ ಹೋಯಿತು, ಮಸೂತಿ ಕ್ರಾಸು ಹೋಯಿತು, ದೂರದಲ್ಲಿ ಹೊಗೆ ಕೊಳವೆಗಳು, ಅಲ್ಲಿಂದ ಮುಂದೆ ಎಲ್ಲೋ ಕೈ ನಡುಗಲು ಶುರುವಾಯಿತು, ಮೊದಲು ಬಲ ಹೆಗಲು, ಅಲ್ಲಿಂದ ರಟ್ಟೆ, ಹಲ್ಲು ಕಚ್ಚಿದ, ನೂರು ಬೈಠಕ್, ಎಂಭತ್ತೊಂದು, ಎಂಭತ್ತೆರಡು, ನಡುಕ ಮೊಣಕೈಗೆ ಬಂತು, ಕಾಂತೂ, ಎಷ್ಟ ದೂರೋ ಅಂದ ಸಂಗು, ಇನ್ನ ಅರ್ಧಾ ತಾಸ ಹಿಡೀತೈತಿ ಅಂದ ಕಾಂತು, ಅರ್ಧ ತಾಸು ಆಗುವುದಿಲ್ಲ, ಐದು ನಿಮಿಷವೂ ಆಗುವುದಿಲ್ಲ, ಯಾರಿಗೆ ಹೇಳುವುದು, ಕೇಳಲು ಇರುವವಳು ಒಬ್ಬಳೇ. ವೈನಿ, ಕೈ ನಡಗಾಕತ್ತಾವು. ಅವಳು ನೋಡಿದಳು. ನೋಡುತ್ತಲೇ ಇದ್ದಳು, ಸಂಗುವಿಗೆ ಅದು ಒಂದು ಊರು ದಾಟುವಷ್ಟು ಹೊತ್ತು ಅನ್ನಿಸಿತು, ಆಮೇಲೆ ಸೀಟಿನ ಮೇಲಿದ್ದ ಕಲ್ಮೇಶನ ಬಟ್ಟೆಯ ಚೀಲ ತೆಗೆದು ಸಂಗುವಿನ ಎಡ ಮೊಣಕೈ ಕೆಳಗೆ ತುರುಕಿದಳು, ಬಲಕ್ಕೆ ಇಡಲು ಏನೂ ಸಿಗಲಿಲ್ಲ, ಹಲಗೆಯ ಬದಿಗೆ ಕೂತು ತನ್ನ ಮೊಣಕಾಲನ್ನೇ ಅವನ ಬಲ ಮೊಣಕೈ ಕೆಳಗೆ ಕೊಟ್ಟಳು, ಎರಡೂ ಕೈಯಿಂದ ಅವನ ರಟ್ಟೆ ಒತ್ತಿ ಹಿಡಿದಳು, ಭಾರ ಹಾಕು ಅಂದಳು, ಪೂರಾ ಹಾಕು. ಹಾಕಿದ. ಅವಳ ಎದೆ ಹೊಡೆದುಕೊಳ್ಳುವುದು ಅವನ ರಟ್ಟೆಗೆ ಕೇಳುತ್ತಿತ್ತು, ಮನಗೂಳಿ, ಊರಹೊರಗಿನ ಪೆಟ್ರೋಲ್ ಪಂಪು, ಸಿಗ್ನಲ್ಲು, ಆಟೋಗಳು, ಕಾಂತು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ, ಅವಳು ರಟ್ಟೆ ಬಿಡಲಿಲ್ಲ, ಅವನ ಮುಖ ನೋಡಲೂ ಇಲ್ಲ.

ದವಾಖಾನೆಯಲ್ಲಿ ಬಿಳಿ ಬೆಳಕು, ಎತ್ತುವಾಗಲೂ ನೀವ ಹಿಡೀರಿ, ಒಂದು ಎರಡು ಮೂರು, ಕತ್ತಿಗೆ ಪಟ್ಟಿ ಕಟ್ಟಿದರು, ಎರಡು ಬದಿಗೆ ಮರಳಿನ ಚೀಲ ಇಟ್ಟರು, ಇನ್ನ ಬಿಡ್ರಿ ಅಂದರು, ಬಿಡ್ರಿ ಅಂದರು, ಯಾರೋ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ತಳ್ಳುಗಾಡಿ ಹೋಯಿತು, ಬಾಗಿಲು ಮುಚ್ಚಿತು. ಲಂಗೋಟದ ಮೇಲೆ ಕಾಂತುವಿನ ಟವೆಲು ಸುತ್ತಿಕೊಂಡು ಸಂಗು ಮಣ್ಣು ಮೈಯಲ್ಲೇ ಗೋಡೆಗೆ ನಿಂತ, ಎಷ್ಟು ಹೊತ್ತೋ, ಫೋಟೋ ತೆಗೆದಾರಂತ, ದೊಡ್ಡ ಡಾಕ್ಟರ ಬಂದಾರಂತ, ಕಾಂತು ಬಂದು ಬಂದು ಹೇಳಿ ಹೋಗುತ್ತಿದ್ದ, ಆಮೇಲೆ ಆ ದೊಡ್ಡ ಡಾಕ್ಟರೇ ಹೊರಗೆ ಬಂದು ಮಾಲಾಳಿಗೆ ಹೇಳಿದರು, ಎಲುಬು ಬಿರಿದಿದೆ, ನರ ಹರಿದಿಲ್ಲ, ಬಾವು ಬಂದು ಒತ್ತಿಕೊಂಡಿದೆ, ಬಲಗಾಲಿನ ಹೆಬ್ಬೆರಳು ಆಡಿಸಿದ್ದಾನೆ, ನಾಳೆ ಮುಂಜಾನೆ ಆಪರೇಶನ್ ಮಾಡುತ್ತೇವೆ, ನಡೆಯುತ್ತಾನೆ ಎಂಬ ಭರವಸೆ ಇದೆ, ಕುಸ್ತಿ ಮಾತ್ರ ಮುಗಿಯಿತು. ಮಾಲಾ ನೆಲಕ್ಕೆ ಕೂತಳು. ದಾರಿಯಲ್ಲಿ ಹಿಡಿದಿದ್ದವರು ಯಾರು ಎಂದು ಕೇಳಿದರು ಡಾಕ್ಟರು, ಚಲೋ ಹಿಡಿದಾರ, ಒಂದಿಷ್ಟು ಹೊಳ್ಳಿದ್ದರ ಕೈನೂ ಹೋಗತಿದ್ದವು, ಉಸಿರೂ ಹೋಗತಿತ್ತು. ಅವರ ಹಿಂದೆಯೇ ಪೊಲೀಸಿನವನೊಬ್ಬ ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದ, ಹೆಂಗಾತವಾ, ಆಟದಾಗ ಜಾರಿ ಬಿದ್ದಾರ ಅಂತ ಬರೀಲೇನು, ಸಂಘಟಕರು ಫೋನ್ ಮಾಡಿದ್ದರು ಅಂದ. ಮಾಲಾ ಕಣ್ಣು ಒರೆಸಿಕೊಂಡು ಎದ್ದಳು, ಗೋಡೆಗೆ ನಿಂತವನ ಕಡೆ ಬೆರಳು ಮಾಡಿದಳು, ಜಾರಿ ಬಿದ್ದಿಲ್ರಿ, ಇಂವಾ ಒಗದಾನ, ಸೀಟಿ ಆದ ಮ್ಯಾಲ ಒಗದಾನ, ತಾನ ಹೇಳ್ಯಾನ, ಮುದ್ದೇಬಿಹಾಳದಿಂದ ತಲಿ ಹಿಡಕೊಂಡು ಬಂದಾಂವನೂ ಇಂವನ, ಎರಡೂ ಬರ್ಕೋರಿ. ಪೊಲೀಸಿನವನು ಸಂಗುವಿನ ಕಡೆ ತಿರುಗಿದ, ಖರೇ ಏನಪಾ, ಇಷ್ಟ ಏನು, ಮತ್ತೇನರ ಐತೇನು. ಹೌದ್ರಿ ಅಂದ ಸಂಗು, ಖರೇ ಅದ ಅಂದ, ಇಷ್ಟ ಎಂದು ಹೇಳಲು ಹೋದ, ನಾಲಿಗೆ ಹೊರಳಲಿಲ್ಲ, ಏಕೆಂದರೆ ಇಷ್ಟೇ ಅಲ್ಲ, ಸೀಟಿ ಪಂಚರದು, ಅದು ಸಾವಿರ ಮಂದಿಗೆ ಕೇಳಿದ್ದು, ಅಬ್ದುಲಗನಿ ವಸ್ತಾದರ ಗರಡಿಯಲ್ಲಿ ಸೀಟಿಯೇ ಇರಲಿಲ್ಲ, ತಡೆಯಲಾಗದಿದ್ದರೆ ಎದುರಿನವನ ಬೆನ್ನಿಗೆ ಅಂಗೈಯಿಂದ ಎರಡು ಸಲ ಬಡಿಯಬೇಕು, ಬಡಿದ ಮೇಲೆ ಬಿಡಬೇಕು, ಬಡಿದ ಮೇಲೂ ಬಿಡದವನು ಪೈಲ್ವಾನನಲ್ಲ, ಕಟುಕ, ಅನ್ನುತ್ತಿದ್ದರು ವಸ್ತಾದರು, ಏಳು ವರ್ಷದಲ್ಲಿ ಕಲ್ಮೇಶ ಬಡಿದಾಗಲೆಲ್ಲ ಸಂಗು ಬಿಟ್ಟಿದ್ದಾನೆ, ಸಂಗು ಬಡಿದಾಗಲೆಲ್ಲ ಕಲ್ಮೇಶ ಬಿಟ್ಟಿದ್ದಾನೆ, ಗಾಡಿಯಲ್ಲಿ ಕಲ್ಮೇಶ ಸೀಟಿಯ ಬಗ್ಗೆಯಷ್ಟೇ ಕೇಳಿದ, ಇದನ್ನು ಕೇಳಲಿಲ್ಲ, ಕೇಳುವ ಅಗತ್ಯ ಅವನಿಗಿರಲಿಲ್ಲ, ಬಡಿದ ಕೈ ಅವನದೇ, ಮೈಕಿನಲ್ಲಿ ಹೆಸರು ಬಿಟ್ಟವನು ಹೆಗಲ ಮೇಲಿಂದ ಸಿಂದಗಿಯ ಗರಡಿಯ ಮಾತಿನಲ್ಲಿ ಬಿಡು ಎಂದು ಕೇಳಿಕೊಂಡಿದ್ದ, ಸೀಟಿ ಆದ ಮೇಲೆ, ನೆಲಕ್ಕೆ ಬರುವ ಮೊದಲು, ಸಂಗುವಿನ ಬೆನ್ನಿಗೆ, ಬಲ ಹೆಗಲಿನ ಕೆಳಗೆ, ಬೆವರು ಮಣ್ಣು ಕೂಡಿದ ಅಗಲ ಅಂಗೈ, ಮೆಲ್ಲಗೆ, ಒಂದು ಸಲ, ಆಮೇಲೆ ಇನ್ನೊಂದು ಸಲ, ಮೆಲ್ಲಗೆ, ಅಂಗೈ, ಬೆನ್ನಿಗೆ, ಒಂದು ಸಲ, ಇನ್ನೊಂದು ಸಲ —